ಬಿಟ್ಟಿ ಓದಿನ ನಾಡಿನಿಂದ ದುಬಾರಿ ಓದಿಗೆ: ಡೆನ್ಮಾರ್ಕ್ ವಿದ್ಯಾರ್ಥಿಗಳ ಪಬ್ಲಿಕ್ ಪಾಲಿಸಿ ವ್ಯಾಸಂಗಕ್ಕೆ ನೆರವು ಎಲ್ಲೆಲ್ಲಿದೆ?

ಡೆನ್ಮಾರ್ಕಿನ ಹುಡುಗ ಹುಡುಗಿಯರಿಗೆ ಕಾಲೇಜು ಶುಲ್ಕ ಎಂದರೇನೆಂದು ಗೊತ್ತಾಗುವುದು ದೇಶ ಬಿಟ್ಟು ಹೊರಟಾಗಲೇ. ಅಲ್ಲಿನ ವಿಶ್ವವಿದ್ಯಾಲಯಗಳು ಸ್ವದೇಶದವರಿಂದಲೂ ಐರೋಪ್ಯ ಒಕ್ಕೂಟದವರಿಂದಲೂ ಬಿಡಿಗಾಸು ತೆಗೆದುಕೊಳ್ಳುವುದಿಲ್ಲ. ಅದು ಸಾಲದೆಂಬಂತೆ, ಓದುವವರಿಗೆ ಸರ್ಕಾರವೇ ತಿಂಗಳು ತಿಂಗಳು ಹಣ ಕೊಡುತ್ತದೆ. ಮನೆ ಬಿಟ್ಟು ಬೇರೆ ಇರುವವರಿಗೆ ತೆರಿಗೆ ಕಡಿತಕ್ಕೆ ಮುನ್ನ ಸುಮಾರು 7,000 ಕ್ರೋನರ್; ರೂಪಾಯಿ ಲೆಕ್ಕದಲ್ಲಿ ತೊಂಬತ್ತು ಸಾವಿರದ ಆಸುಪಾಸು. ಹೀಗೆ ಓದಿ ರಾಜ್ಯಶಾಸ್ತ್ರದಲ್ಲೋ ಅರ್ಥಶಾಸ್ತ್ರದಲ್ಲೋ ಪದವಿ ಮುಗಿಸಿ, ಒಂದೆರಡು ವರ್ಷ ಸಚಿವಾಲಯದಲ್ಲಿ ಕೆಲಸವನ್ನೂ ಮಾಡಿದ ತರುಣಿಯೊಬ್ಬಳು ಹಾರ್ವರ್ಡಿನ ಕೆನಡಿ ಸ್ಕೂಲಿನಲ್ಲಿ ಪಬ್ಲಿಕ್ ಪಾಲಿಸಿ ಓದಬೇಕೆಂದು ಹೊರಡುತ್ತಾಳೆ ಎನ್ನೋಣ. ಬರೀ ಬೋಧನಾ ಶುಲ್ಕವೇ ವರ್ಷಕ್ಕೆ 60,000 ಡಾಲರ್ ದಾಟುತ್ತದೆ, ಕೋರ್ಸು ಎರಡು ವರ್ಷದ್ದು. ಊಟ, ಬಾಡಿಗೆ, ಆರೋಗ್ಯ ವಿಮೆಯ ಖರ್ಚು ಬೇರೆ.

ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಎಲ್ಲ ಖರ್ಚನ್ನೂ ಹೊರುವ ಒಂದು ದೊಡ್ಡ ವಿದ್ಯಾರ್ಥಿವೇತನಕ್ಕಾಗಿ ಹುಡುಕಾಟ. ಅಂಥವು ಇವೆ, ಆದರೆ ಬೆರಳೆಣಿಕೆಯಷ್ಟು. ಅವುಗಳಲ್ಲೂ ಹಲವಕ್ಕೆ ಡೇನಿಶ್ ಪಾಸ್‌ಪೋರ್ಟ್ ಇದ್ದವರು ಅರ್ಜಿಯನ್ನೇ ಹಾಕುವಂತಿಲ್ಲ. ಡೆನ್ಮಾರ್ಕಿನಿಂದ ಹೋಗಿ ಓದಿ ಬಂದವರಲ್ಲಿ ಬಹಳಷ್ಟು ಮಂದಿ ಹಣ ಹೊಂದಿಸಿದ್ದು ನಮ್ಮಲ್ಲಿ ಕೌದಿ ಹೊಲಿಯುವ ಹಾಗೆ. ಸರ್ಕಾರದ್ದೊಂದು ತುಂಡು, ಸೇರುವ ಕಾಲೇಜಿನದ್ದೊಂದು, ಖಾಸಗಿ ದತ್ತಿಗಳದ್ದು ನಾಲ್ಕಾರು. ಯಾವುದನ್ನು ಮೊದಲು ಹಿಡಿಯಬೇಕು ಎಂಬುದರಲ್ಲೇ ಅರ್ಧ ಗೆಲುವಿದೆ.

ಸರ್ಕಾರದ ಹಣವೇ ಮೊದಲು

ಡೆನ್ಮಾರ್ಕಿನ ಸರ್ಕಾರಿ ವಿದ್ಯಾರ್ಥಿ ನೆರವನ್ನು ಎಲ್ಲರೂ ಎಸ್‌ಯು ಎಂದೇ ಕರೆಯುತ್ತಾರೆ. ಈ ಹಣ ದೇಶದೊಳಗೆ ಓದುವವರಿಗೆ ಮಾತ್ರ ಎಂದುಕೊಂಡವರು ಈಗಲೂ ಇದ್ದಾರೆ. ಹಾಗೇನಿಲ್ಲ. ಪೂರ್ತಿ ಪದವಿಯನ್ನೇ ಹೊರದೇಶದಲ್ಲಿ ಮಾಡುವವರಿಗೂ ನಾಲ್ಕು ವರ್ಷಗಳವರೆಗೆ ಎಸ್‌ಯು ಸಿಗುತ್ತದೆ. ಒಂದು ಅಥವಾ ಎರಡು ವರ್ಷದ ಪಾಲಿಸಿ ಕೋರ್ಸಿಗೆ ಇದು ಧಾರಾಳ. ಷರತ್ತು ಎರಡು. ಕೋರ್ಸಿಗೆ ಎಸ್‌ಯು ಕಚೇರಿಯ ಮಾನ್ಯತೆ ಇರಬೇಕು. ಅರ್ಜಿದಾರ ಹಿಂದಿನ ಹತ್ತು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಎಡೆಬಿಡದೆ ಡೆನ್ಮಾರ್ಕಿನಲ್ಲಿ ವಾಸವಾಗಿರಬೇಕು. ತಂದೆ ತಾಯಿಯ ನೌಕರಿಯಿಂದಾಗಿ ಸಿಂಗಪುರದಲ್ಲೋ ದುಬೈನಲ್ಲೋ ಬೆಳೆದ ಡೇನಿಶ್ ಮಕ್ಕಳು ಈ ಎರಡನೇ ಷರತ್ತಿನಲ್ಲಿ ಎಡವುತ್ತಾರೆ.

ಎಸ್‌ಯು ಹಣಕ್ಕೆ ತಿಂಗಳುಗಳ ಮಿತಿ ಇದೆ. ಮೊದಲು ಇದು 70 ತಿಂಗಳಿತ್ತು. 2025ರ ಜುಲೈಯಿಂದೀಚೆಗೆ ಮೊದಲ ಬಾರಿ ಉನ್ನತ ಶಿಕ್ಷಣಕ್ಕೆ ಸೇರಿದವರಿಗೆ 58ಕ್ಕೆ ಇಳಿದಿದೆ. ಮೂರು ವರ್ಷದ ಬ್ಯಾಚುಲರ್ ಪದವಿಗೇ 36 ತಿಂಗಳು ಖರ್ಚಾಗುತ್ತದೆ. ನಡುವೆ ವಿಷಯ ಬದಲಿಸಿದವರು, ಒಂದು ಸೆಮಿಸ್ಟರ್ ಜಾರಿಸಿಕೊಂಡವರು ಹೊರಡುವ ಮುನ್ನ ತಮ್ಮ ಖಾತೆಯಲ್ಲಿ ಎಷ್ಟು ತಿಂಗಳು ಉಳಿದಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, 2008ರಲ್ಲಿ ಶುರುವಾದ ಉಡ್‌ಲ್ಯಾಂಡ್ಸ್‌ಸ್ಟಿಪೆಂಡಿಯಂ, ಅಂದರೆ ವಿದೇಶ ವ್ಯಾಸಂಗದ ವೇತನ. ವಿದ್ಯಾರ್ಥಿ ಡೆನ್ಮಾರ್ಕಿನಲ್ಲೇ ಓದಿದ್ದರೆ ಅವನ ತಲೆಯ ಮೇಲೆ ವಿಶ್ವವಿದ್ಯಾಲಯಕ್ಕೆ ಸರ್ಕಾರ ಒಂದಿಷ್ಟು ಅನುದಾನ ಕೊಡುತ್ತಿತ್ತು. ಅದನ್ನೇ ಹೊರದೇಶದ ಕಾಲೇಜಿನ ಶುಲ್ಕಕ್ಕೆ ಒಯ್ಯಲು ಬಿಡುವ ಯೋಜನೆ ಇದು. ಗರಿಷ್ಠ ಎರಡು ವರ್ಷ. ಎಸ್‌ಯು ಹಣದ ಜೊತೆಗೇ ಸಿಗುತ್ತದೆ, ಸಾಲವಲ್ಲ, ತೀರಿಸಬೇಕಿಲ್ಲ.

ಒಳ್ಳೆಯ ಯೋಜನೆಯೇ. ಆದರೆ ಪಾಲಿಸಿ ಓದುವವರ ಪಾಲಿಗೆ ಅದರಲ್ಲಿ ಒಂದು ಕೊರತೆಯಿದೆ. ಅನುದಾನದ ದರ ವಿಷಯದಿಂದ ವಿಷಯಕ್ಕೆ ಬೇರೆ. ಎಂಜಿನಿಯರಿಂಗ್, ವಿಜ್ಞಾನಗಳಿಗೆ ಹೆಚ್ಚು. ಸಮಾಜ ವಿಜ್ಞಾನ ಮತ್ತು ಮಾನವಿಕಗಳಿಗೆ ಎಲ್ಲಕ್ಕಿಂತ ಕಡಿಮೆ. ಪ್ರಯೋಗಾಲಯ ಬೇಡದ ಓದಿಗೆ ಖರ್ಚು ಕಡಿಮೆ ಎಂಬುದು ಸರ್ಕಾರದ ಲೆಕ್ಕ. ಡೆನ್ಮಾರ್ಕಿನೊಳಗೆ ಅದು ಸರಿಯಿರಬಹುದು. ಬಾಸ್ಟನ್ನಿನಲ್ಲೋ ಲಂಡನ್ನಿನಲ್ಲೋ ಪಾಲಿಸಿ ಕೋರ್ಸಿನ ಶುಲ್ಕ ಎಂಜಿನಿಯರಿಂಗಿನದಕ್ಕಿಂತ ಕಡಿಮೆಯೇನಲ್ಲ. ಹೀಗಾಗಿ ಈ ಹಣ ಅಮೆರಿಕದ ಶುಲ್ಕದ ಒಂದು ಮೂಲೆಯನ್ನಷ್ಟೇ ಮುಚ್ಚುತ್ತದೆ, ಯುರೋಪಿನ ಹಲವು ಕಾಲೇಜುಗಳಲ್ಲಿ ದೊಡ್ಡ ಪಾಲನ್ನೇ ಭರಿಸುತ್ತದೆ. ಮಿಕ್ಕ ಶುಲ್ಕಕ್ಕೆಂದು ಸರ್ಕಾರ ಪ್ರತ್ಯೇಕ ಸಾಲವನ್ನೂ ಕೊಡುತ್ತದೆ; ಅದರ ಒಟ್ಟು ಮಿತಿ ಒಂದು ಲಕ್ಷ ಕ್ರೋನರಿಗಿಂತ ತುಸು ಮೇಲೆ.

ಈ ವೇತನ ಎಲ್ಲ ಕೋರ್ಸಿಗೂ ಸಿಗುವುದಿಲ್ಲ. ವಿದೇಶದ ಕೋರ್ಸು ಡೆನ್ಮಾರ್ಕಿನ ಯಾವುದಾದರೊಂದು ಕೋರ್ಸಿಗೆ ಸಾಟಿಯಾಗಿರಬೇಕು. ಪಬ್ಲಿಕ್ ಪಾಲಿಸಿ, ಪಬ್ಲಿಕ್ ಅಡ್ಮಿನಿಸ್ಟ್ರೇಶನ್, ಗ್ಲೋಬಲ್ ಅಫೇರ್ಸ್ ಎಂದು ಒಂದೇ ಬಗೆಯ ಓದಿಗೆ ಹತ್ತು ಹೆಸರುಗಳಿರುವುದರಿಂದ ಇಲ್ಲಿ ಗೊಂದಲ ಸಹಜ. ಪ್ರವೇಶ ಪತ್ರ ಬರುವ ತನಕ ಕಾಯದೆ, ಪಠ್ಯಕ್ರಮವನ್ನು ಮುಂದಿಟ್ಟು ಎಸ್‌ಯು ಕಚೇರಿಯನ್ನು ಲಿಖಿತವಾಗಿ ಕೇಳಿಬಿಡಿ. ಅರ್ಜಿ ಹಾಕುವುದೇನೋ ಸುಲಭ, ಮಿಟ್‌ಐಡಿ ಎಂಬ ಡಿಜಿಟಲ್ ಗುರುತಿನಿಂದ ಲಾಗಿನ್ ಆಗಿ ಮಿನ್‌ಎಸ್‌ಯು ಎಂಬ ತಾಣದಲ್ಲಿ. ಮಿಟ್‌ಐಡಿ ಕೆಟ್ಟರೆ ವಿದೇಶದಿಂದ ಸರಿಪಡಿಸುವುದು ರಗಳೆ, ಹೊರಡುವ ಮುನ್ನವೇ ನೋಡಿಕೊಳ್ಳಿ.

ಕೆಲಸ ಬಿಟ್ಟು ಓದಲು ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಎಸ್‌ಯು ಪಡೆಯುವ ವರ್ಷದಲ್ಲಿ ನೀವು ಎಷ್ಟು ಸಂಪಾದಿಸಬಹುದು ಎಂಬುದಕ್ಕೆ ಮಿತಿಯಿದೆ. ಲೆಕ್ಕ ಹಿಡಿಯುವುದು ಜನವರಿಯಿಂದ ಡಿಸೆಂಬರ್‌ವರೆಗೆ. ಜುಲೈವರೆಗೆ ಸಚಿವಾಲಯದ ಸಂಬಳ ತೆಗೆದುಕೊಂಡು ಆಗಸ್ಟಿನಿಂದ ಎಸ್‌ಯು ತೆಗೆದುಕೊಂಡವರಿಗೆ, ಮಿತಿ ದಾಟಿದ್ದರೆ, ಹಣ ವಾಪಸು ಕಟ್ಟಿ ಎಂಬ ಪತ್ರ ಬರುತ್ತದೆ. ಓದಿಗೆ ಸೇರದ ತಿಂಗಳುಗಳಿಗೆ ಮಿತಿ ಹೆಚ್ಚಿರುತ್ತದೆ ನಿಜ. ಆದರೂ ಕೂಡಿ ಕಳೆದು ನೋಡಿ, ಬೇಕಾದರೆ ಮೊದಲ ಕೆಲವು ತಿಂಗಳ ಎಸ್‌ಯು ಬೇಡವೆಂದು ಬರೆದುಕೊಡಿ. ಬಿಟ್ಟುಕೊಟ್ಟ ತಿಂಗಳು ನಿಮ್ಮ ಖಾತೆಯಲ್ಲೇ ಉಳಿಯುತ್ತದೆ.

ಸಮಯ ವ್ಯರ್ಥ ಮಾಡಿಸುವ ಹೆಸರುಗಳು

ಪಬ್ಲಿಕ್ ಪಾಲಿಸಿ ವಿದ್ಯಾರ್ಥಿವೇತನ ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವ ಹೆಸರುಗಳಲ್ಲಿ ಹಲವು ಡೇನಿಶ್ ಪ್ರಜೆಗಳಿಗೆ ಅಲ್ಲ. ಬ್ರಿಟನ್ನಿನ ಚೀವ್ನಿಂಗ್ ವೇತನ ಐರೋಪ್ಯ ಒಕ್ಕೂಟದ ದೇಶಗಳವರಿಗಿಲ್ಲ. ಜರ್ಮನಿಯ ಡಾಡ್ ಸಂಸ್ಥೆಯ ಹೆಲ್ಮುಟ್ ಶ್ಮಿಟ್ ಕಾರ್ಯಕ್ರಮ ಸಾರ್ವಜನಿಕ ನೀತಿಗೆಂದೇ ಇದೆ, ಆದರೆ ಅಭಿವೃದ್ಧಿಶೀಲ ದೇಶಗಳವರಿಗೆ. ಪ್ಯಾರಿಸಿನ ಸಿಯಾನ್ಸ್ ಪೋ ಕೊಡುವ ಎಮಿಲ್ ಬೂತ್ಮಿ ವೇತನ ಒಕ್ಕೂಟದ ಹೊರಗಿನವರಿಗೆ ಮೀಸಲು. ಶ್ರೀಮಂತ ದೇಶದ ಪಾಸ್‌ಪೋರ್ಟಿಗೆ ತೆರಬೇಕಾದ ಬೆಲೆ ಇದು, ಗೊಣಗಿ ಪ್ರಯೋಜನವಿಲ್ಲ. ಅರ್ಹತೆಯ ಪುಟದಲ್ಲಿ ದೇಶಗಳ ಪಟ್ಟಿ ಓದದೆ ಪ್ರಬಂಧ ಬರೆಯಲು ಕೂರಬೇಡಿ.

ಅಮೆರಿಕಕ್ಕೆ

ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಓದಲು ಹೋಗುವ ದಾರಿ ಹಳೆಯದು. ಡೇನಿಶ್ ಮೂಲದ ಉದ್ಯಮಿ ನೀಲ್ಸ್ ಪೌಲ್ಸನ್ ಕೊಟ್ಟ ಹಣದಿಂದ ಅಮೆರಿಕನ್ ಸ್ಕ್ಯಾಂಡಿನೇವಿಯನ್ ಫೌಂಡೇಶನ್ 1910ರಲ್ಲಿ ಹುಟ್ಟಿತು. ಡೆನ್ಮಾರ್ಕ್ ಅಮೆರಿಕ ಫೌಂಡೇಶನ್ 1914ರದ್ದು. ಫುಲ್‌ಬ್ರೈಟ್ ಆಯೋಗ 1951ರಲ್ಲಿ ಡೆನ್ಮಾರ್ಕಿಗೆ ಬಂತು. ಈಗ ಕೊನೆಯ ಎರಡೂ ಕೋಪನ್‌ಹೇಗನ್ನಿನಲ್ಲಿ ಜೊತೆಯಾಗಿ ಕೆಲಸ ಮಾಡುತ್ತವೆ. ಮಾಸ್ಟರ್ಸ್ ಓದಲು ಹೊರಟ ಡೇನಿಶ್ ವಿದ್ಯಾರ್ಥಿ ಮೊದಲು ತಟ್ಟಬೇಕಾದ ಬಾಗಿಲು ಇದೇ.

ಫುಲ್‌ಬ್ರೈಟ್ ಹಣ ಪೂರ್ತಿ ಖರ್ಚಿಗೆ ಸಾಲುವುದಿಲ್ಲ. ಆದರೆ ಆ ಹೆಸರಿಗೆ ಅಮೆರಿಕದ ಕಾಲೇಜುಗಳಲ್ಲಿ ತೂಕವಿದೆ, ಫುಲ್‌ಬ್ರೈಟ್ ಸಿಕ್ಕವರಿಗೆ ಕಾಲೇಜು ತಾನೂ ಒಂದಿಷ್ಟು ಶುಲ್ಕ ಬಿಡುವುದುಂಟು. ಹಾಗಾಗಿ ಕೇಳಲು ಸಂಕೋಚ ಬೇಡ. ಇದರೊಂದಿಗೆ ಬರುವ ಜೆ‑1 ವೀಸಾದ ಕಟ್ಟಳೆಯನ್ನು ಮಾತ್ರ ಸರಿಯಾಗಿ ಅರಿತುಕೊಳ್ಳಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಕಳೆಯದೆ ಎಚ್‌‑1ಬಿ ವೀಸಾವಾಗಲಿ ಗ್ರೀನ್ ಕಾರ್ಡ್ ಆಗಲಿ ಸಿಗದು. ಡೆನ್ಮಾರ್ಕಿನ ಸರ್ಕಾರಿ ಕೆಲಸಕ್ಕೆ ಮರಳುವ ಇರಾದೆ ಇದ್ದವರಿಗೆ ಇದು ತೊಡಕೇ ಅಲ್ಲ. ವಾಷಿಂಗ್ಟನ್ನಿನ ಚಿಂತನ ಸಂಸ್ಥೆಗಳಲ್ಲಿ ನೆಲೆ ನಿಲ್ಲಬೇಕೆನ್ನುವವರು ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸಲಿ.

ಕೆನಡಿ ಸ್ಕೂಲಿಗೂ ಡೆನ್ಮಾರ್ಕಿಗೂ ಒಂದು ರಾಜಮನೆತನದ ನಂಟಿದೆ. 2024ರ ಜನವರಿ 14ರಂದು ಸಿಂಹಾಸನ ಏರಿದ ದೊರೆ ಹತ್ತನೇ ಫ್ರೆಡರಿಕ್, ಯುವರಾಜನಾಗಿದ್ದಾಗ 1992–93ರಲ್ಲಿ ಹಾರ್ವರ್ಡಿನಲ್ಲಿ ಫ್ರೆಡರಿಕ್ ಹೆನ್ರಿಕ್ಸನ್ ಎಂಬ ಸಾಮಾನ್ಯ ಹೆಸರಿನಡಿ ರಾಜ್ಯಶಾಸ್ತ್ರ ಓದಿದವರು. ಅವರ ಯುವರಾಜ ಪದವಿಯ ಹೆಸರಿನಲ್ಲಿರುವ ನಿಧಿ ಕೆನಡಿ ಸ್ಕೂಲಿಗೆ ಹೋಗುವ ಡೇನಿಶ್ ವಿದ್ಯಾರ್ಥಿಗಳಿಗೆ ನೆರವಾಗುತ್ತ ಬಂದಿದೆ. ಡೇನಿಶರಿಗೆಂದೇ, ಈ ವಿಷಯಕ್ಕೆಂದೇ ಇಷ್ಟು ನೇರವಾಗಿ ಹೊಂದುವ ವೇತನ ಇನ್ನೊಂದು ಸಿಗುವುದು ಕಷ್ಟ. ಸಿಗುವವರ ಸಂಖ್ಯೆಯೂ ಅಷ್ಟೇ ಸಣ್ಣದು.

ಹಾರ್ವರ್ಡಿನ ಹೆಸರಿನ ನೆರಳಲ್ಲಿ ಹಲವರು ಪ್ರಿನ್ಸ್‌ಟನ್ನನ್ನು ಮರೆಯುತ್ತಾರೆ. ಅಲ್ಲಿನ ಸ್ಕೂಲ್ ಆಫ್ ಪಬ್ಲಿಕ್ ಅಂಡ್ ಇಂಟರ್‌ನ್ಯಾಶನಲ್ ಅಫೇರ್ಸ್ ತನ್ನ ಎಂಪಿಎ ಎಂಬ ಮಾಸ್ಟರ್ಸ್ ಕೋರ್ಸಿನ ವಿದ್ಯಾರ್ಥಿಗಳ ಬೋಧನಾ ಶುಲ್ಕವನ್ನು ಪೂರ್ತಿ ತಾನೇ ಹೊರುತ್ತದೆ, ಯಾವ ದೇಶದವರಾದರೂ ಸರಿ. ಪ್ರವೇಶ ಕಠಿಣ, ಸಿಕ್ಕರೆ ಹಣದ ಚಿಂತೆ ಬಹುಪಾಲು ಅಲ್ಲಿಗೇ ಮುಗಿಯಿತು. ಸ್ಟ್ಯಾನ್‌ಫರ್ಡಿನ ನೈಟ್ ಹೆನೆಸಿ ವೇತನವೂ ಎಲ್ಲ ದೇಶದವರಿಗೆ ತೆರೆದಿದೆ, ಮೂರು ವರ್ಷದವರೆಗೆ ಹಣ ಕೊಡುತ್ತದೆ. ಇವೆರಡನ್ನು ಪಟ್ಟಿಯಲ್ಲಿಟ್ಟುಕೊಳ್ಳದೆ ಅಮೆರಿಕಕ್ಕೆ ಅರ್ಜಿ ಹಾಕುವುದು ಜಾಣತನವಲ್ಲ.

ಬ್ರಿಟನ್, ಮತ್ತು ಅದಕ್ಕಿಂತ ಹತ್ತಿರ

2021ರವರೆಗೆ ಡೇನಿಶ್ ವಿದ್ಯಾರ್ಥಿಗಳು ಇಂಗ್ಲೆಂಡಿನಲ್ಲಿ ಅಲ್ಲಿನವರಷ್ಟೇ ಶುಲ್ಕ ಕಟ್ಟುತ್ತಿದ್ದರು. ಬ್ರೆಕ್ಸಿಟ್ ಆ ಸೌಲಭ್ಯವನ್ನು ಕಿತ್ತುಕೊಂಡಿತು. ಈಗ ಆಕ್ಸ್‌ಫರ್ಡಿನ ಬ್ಲವಾಟ್ನಿಕ್ ಸ್ಕೂಲಿನ ಒಂದು ವರ್ಷದ ಎಂಪಿಪಿ (ಪಬ್ಲಿಕ್ ಪಾಲಿಸಿ ಮಾಸ್ಟರ್ಸ್) ಕೋರ್ಸಿಗೆ ಶುಲ್ಕವೇ 50,000 ಪೌಂಡ್ ಮೀರುತ್ತದೆ. ಆಕ್ಸ್‌ಫರ್ಡಿನ ಕ್ಲಾರೆಂಡನ್ ವೇತನಕ್ಕೆ ಬೇರೆ ಅರ್ಜಿ ಬೇಡ, ಮೊದಲ ಗಡುವಿನೊಳಗೆ ಪ್ರವೇಶಕ್ಕೆ ಅರ್ಜಿ ಹಾಕಿದರೆ ತಾನಾಗಿಯೇ ಪರಿಗಣಿಸುತ್ತಾರೆ. ಕೇಂಬ್ರಿಜಿನ ಗೇಟ್ಸ್ ವೇತನ ಬ್ರಿಟನ್ ಹೊರಗಿನ ಎಲ್ಲರಿಗೂ ಇದೆ. ರೋಡ್ಸ್ ವೇತನಕ್ಕೆ ಡೆನ್ಮಾರ್ಕಿಗೆಂದು ಪ್ರತ್ಯೇಕ ಸ್ಥಾನವಿಲ್ಲ. ಇಡೀ ಜಗತ್ತಿಗೆ ತೆರೆದ ಗ್ಲೋಬಲ್ ವಿಭಾಗವನ್ನು 2018ರಲ್ಲಿ ಶುರುಮಾಡಿದಾಗ ಇಟ್ಟದ್ದು ವರ್ಷಕ್ಕೆ ಎರಡೇ ಸ್ಥಾನ. ಬ್ರಿಟನ್ನಿನದಲ್ಲದಿದ್ದರೂ ಇವುಗಳ ಸಾಲಿಗೇ ಸೇರುವ ಬೀಜಿಂಗಿನ ಶ್ವಾರ್ಟ್ಸ್‌ಮನ್ ವೇತನ 28 ದಾಟದವರಿಗೆ, ಒಂದು ವರ್ಷ, ಪೂರ್ತಿ ಖರ್ಚು.

ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿ ದೊಡ್ಡ ವೇತನವಿಲ್ಲದೆ ಬ್ರಿಟನ್ನಿಗೆ ಸ್ವಂತ ಸಾಲದಲ್ಲಿ ಹೋಗುವುದಕ್ಕಿಂತ ಯುರೋಪಿನ ಒಳಗೇ ಓದುವುದು ಮೇಲು. ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡುಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಡೇನಿಶರಿಗೆ ಬೋಧನಾ ಶುಲ್ಕವಿಲ್ಲ. ಎಸ್‌ಯು ಹಣವೊಂದಿದ್ದರೆ ಜೀವನ ಸಾಗುತ್ತದೆ. ಸಿಯಾನ್ಸ್ ಪೋದಲ್ಲಿ ಒಕ್ಕೂಟದ ವಿದ್ಯಾರ್ಥಿಗಳ ಶುಲ್ಕ ಮನೆಯ ಆದಾಯಕ್ಕೆ ತಕ್ಕಂತೆ, ಸೊನ್ನೆಯಿಂದ ಶುರು. ಬರ್ಲಿನ್ನಿನ ಹರ್ಟಿ ಸ್ಕೂಲ್ ಖಾಸಗಿ, ಶುಲ್ಕವಿದೆ, ತನ್ನದೇ ವೇತನಗಳೂ ಇವೆ. ಬೆಲ್ಜಿಯಮ್ಮಿನ ಬ್ರೂಜ್ ಊರಿನ ಕಾಲೇಜ್ ಆಫ್ ಯುರೋಪ್ 1949ರಿಂದ ನಡೆಯುತ್ತಿದೆ. ಡೆನ್ಮಾರ್ಕಿನ ಮೊದಲ ಮಹಿಳಾ ಪ್ರಧಾನಿ ಹೆಲೆ ಥೋರ್ನಿಂಗ್ ಶ್ಮಿಟ್ ಓದಿದ್ದು ಅಲ್ಲೇ. ಬ್ರಸೆಲ್ಸ್‌ನಲ್ಲಿ ಒಕ್ಕೂಟದ ನೌಕರಿ ಬಯಸುವವರಿಗೆ ಹಾರ್ವರ್ಡಿಗಿಂತ ಬ್ರೂಜಿನ ಪದವಿಯೇ ಹೆಚ್ಚು ಕೆಲಸಕ್ಕೆ ಬರಬಹುದು.

ಇರಾಸ್ಮಸ್ ಮುಂಡುಸ್ ಎಂಬ ಒಕ್ಕೂಟದ ಯೋಜನೆಯಲ್ಲಿ ವಿದ್ಯಾರ್ಥಿ ಎರಡು ಮೂರು ದೇಶಗಳಲ್ಲಿ ಓದಿ ಒಂದು ಪದವಿ ಪಡೆಯುತ್ತಾನೆ. ವೇತನ ಸಿಕ್ಕವರಿಗೆ ಶುಲ್ಕ ಮಾಫಿ, ತಿಂಗಳಿಗೆ 1,400 ಯೂರೊ, ಎರಡು ವರ್ಷ. ಸಾರ್ವಜನಿಕ ನೀತಿಗೆಂದೇ ಮ್ಯಾಪ್ ಎಂಬ ಕೋರ್ಸು ಈ ಬಗೆಯಲ್ಲಿ ಬಂದಿದೆ. ವಿಯೆನ್ನಾ, ದಿ ಹೇಗ್, ಬಾರ್ಸಿಲೋನಾ, ಯಾರ್ಕ್‌ಗಳ ಸಂಸ್ಥೆಗಳು ಅದರ ಪಾಲುದಾರರು. ವೇತನ ಆ ವರ್ಷದ ತಂಡಕ್ಕೆ ಇದೆಯೇ ಎಂಬುದನ್ನು ಮೊದಲು ನೋಡಿ. ಜೀವನದ ಖರ್ಚಿಗೆಂದು ಬೇರೆ ಸಾರ್ವಜನಿಕ ಹಣ ಪಡೆಯುವವರಿಗೆ ಎಸ್‌ಯು ಇಲ್ಲ ಎಂಬ ನಿಯಮವಿದೆ. ಎರಡನ್ನೂ ಒಟ್ಟಿಗೆ ಪಡೆಯಬಹುದೆಂದು ನೀವೇ ತೀರ್ಮಾನಿಸಬೇಡಿ, ಎಸ್‌ಯು ಕಚೇರಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಎಲ್ಲಕ್ಕಿಂತ ಅಗ್ಗದ ದಾರಿಯೊಂದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಆರ್ಹುಸ್‌ನಲ್ಲೋ ಕೋಪನ್‌ಹೇಗನ್ನಿನಲ್ಲೋ ಮಾಸ್ಟರ್ಸಿಗೆ ಸೇರಿ, ವಿನಿಮಯ ಒಪ್ಪಂದದಡಿ ಒಂದು ಅಥವಾ ಎರಡು ಸೆಮಿಸ್ಟರ್ ಹೊರದೇಶದ ಪಾಲಿಸಿ ಸ್ಕೂಲಿನಲ್ಲಿ ಓದುವುದು. ಅಲ್ಲಿ ಶುಲ್ಕವಿಲ್ಲ, ಎಸ್‌ಯು ನಿಲ್ಲುವುದಿಲ್ಲ. ಒಪ್ಪಂದವಿಲ್ಲದ ಕಾಲೇಜಿಗೆ ಹೋಗುವುದಾದರೆ ವಿದೇಶ ವೇತನವನ್ನು ಆ ಅವಧಿಗೆ ಬಳಸಬಹುದು. ಹೋಗುವ ಮುನ್ನ ಆ ವಿಷಯಗಳನ್ನು ಡೇನಿಶ್ ಪದವಿಗೆ ಸೇರಿಸಿಕೊಳ್ಳುತ್ತೇವೆ ಎಂಬ ಒಪ್ಪಿಗೆ ಪತ್ರ ನಿಮ್ಮ ವಿಭಾಗದಿಂದ ಬರಲೇಬೇಕು. ಹೆಸರಾಂತ ಕಾಲೇಜಿನ ಪದವಿ ಸಿಗದು. ಅಲ್ಲಿನ ಅಧ್ಯಾಪಕರು, ಗೆಳೆಯರು ಸಿಗುತ್ತಾರೆ.

ದತ್ತಿಗಳ ದೇಶ

ಡೆನ್ಮಾರ್ಕ್ ಖಾಸಗಿ ನಿಧಿಗಳ ನಾಡು. ಬಿಯರ್ ಕಂಪನಿಯಿಂದ ಹಿಡಿದು ಶ್ರವಣ ಸಾಧನದ ಕಂಪನಿಯವರೆಗೆ ಹಲವು ದೊಡ್ಡ ಉದ್ಯಮಗಳ ಹಿಂದೆ ಒಂದೊಂದು ನಿಧಿ ಇದೆ. ವಿದ್ಯಾರ್ಥಿಗಳಿಗೆ ಅವು ಕೊಡುವ ಸಣ್ಣ ಸಹಾಯಧನಕ್ಕೆ ಲೆಗಾಟ್ ಎನ್ನುತ್ತಾರೆ. ವಿಲಿಯಂ ಡೆಮಂಟ್ ಫೌಂಡೇಶನ್, ಅಗಸ್ಟಿನಸ್ ಫೌಂಡೇಶನ್, ಕ್ನುಡ್ ಹೋಯ್ಗಾರ್ಡ್ ಫೌಂಡೇಶನ್‌ಗಳ ಹೆಸರು ವಿದೇಶಕ್ಕೆ ಓದಲು ಹೊರಡುವವರ ಬಾಯಲ್ಲಿ ಸದಾ ಇರುತ್ತದೆ. ಇವುಗಳ ಆಚೆ ನೂರಾರು ಪುಟ್ಟ ದತ್ತಿಗಳಿವೆ. ಒಂದೊಂದಕ್ಕೂ ಸ್ಥಾಪಕ ಬರೆದಿಟ್ಟ ಕಟ್ಟಳೆ: ಇಂಥ ಊರಿನಲ್ಲಿ ಹುಟ್ಟಿದವರಿಗೆ, ಇಂಥ ವಿದ್ಯಾರ್ಥಿನಿಲಯದಲ್ಲಿ ಇದ್ದವರಿಗೆ, ಇಂಥ ವೃತ್ತಿಯವರ ಮಕ್ಕಳಿಗೆ. ವಿಚಿತ್ರವೆನಿಸುವ ಕಟ್ಟಳೆ ಇದ್ದಷ್ಟೂ ಸ್ಪರ್ಧೆ ಕಡಿಮೆ. ಅಜ್ಜಿಯ ಊರು, ಓದಿದ ಪ್ರೌಢಶಾಲೆ, ತಂದೆಯ ಕಾರ್ಮಿಕ ಸಂಘ ಎಲ್ಲವನ್ನೂ ಜಾಲಾಡಿ ನೋಡಬೇಕಾದದ್ದು ಇಲ್ಲಿಯೇ.

ದತ್ತಿಯವರು ಮೊದಲು ನೋಡುವುದು ಆಯವ್ಯಯ ಪಟ್ಟಿಯನ್ನು. ಒಟ್ಟು ಖರ್ಚು ಎಷ್ಟು, ಸರ್ಕಾರದಿಂದ ಎಷ್ಟು ಬಂತು, ಕಾಲೇಜು ಎಷ್ಟು ಬಿಟ್ಟಿತು, ಕೈಯಿಂದ ಎಷ್ಟು ಹಾಕುತ್ತೀರಿ, ಬೇರೆ ಯಾರನ್ನು ಕೇಳಿದ್ದೀರಿ. ಎಸ್‌ಯು ಸೌಲಭ್ಯವನ್ನು ಬಳಸದೆ ಬಂದವರನ್ನು ಕಂಡರೆ ಅವರಿಗೆ ಅನುಮಾನ. ಸರ್ಕಾರದ ಹಣವನ್ನು ಮೊದಲು ಎಂದದ್ದು ಇದಕ್ಕೇ. ವಿದೇಶ ವ್ಯಾಸಂಗದ ಪ್ರಯಾಣ, ವಸತಿಗೆ ಕೊಟ್ಟ ದತ್ತಿ ಹಣಕ್ಕೆ ತೆರಿಗೆ ಕಾನೂನಿನ 7ಕೆ ಕಲಮಿನಲ್ಲಿ ವಿನಾಯಿತಿ ಇದೆ. ರಸೀದಿಗಳನ್ನು ಎಸೆಯದೆ ಇಟ್ಟುಕೊಳ್ಳಿ.

ಅರ್ಜಿಯಲ್ಲಿ ಡೇನಿಶರು ಸೋಲುವುದೆಲ್ಲಿ

ಮೊದಲನೆಯದು ಅಂಕಪಟ್ಟಿ. 2007ರಲ್ಲಿ ಬಂದ ಡೇನಿಶ್ ಅಂಕಮಾಪನದಲ್ಲಿ ಏಳೇ ಮೆಟ್ಟಿಲು: ಮೈನಸ್ 3, 00, 02, 4, 7, 10, 12. ನಡುವಿನ ಅಂಕಗಳೇ ಇಲ್ಲ. ಏಳು ಬಂದರೆ ಅಲ್ಲಿ ಒಳ್ಳೆಯ ಅಂಕವೇ. ಹೊರದೇಶದ ಪ್ರವೇಶ ಸಮಿತಿಯ ಕಣ್ಣಿಗೆ ಹನ್ನೆರಡಕ್ಕೆ ಏಳು ಎಂದರೆ ಶೇಕಡಾ 58! ವಿಶ್ವವಿದ್ಯಾಲಯದಿಂದ ಅಂಕಮಾಪನದ ವಿವರಣೆಯನ್ನು ಇಂಗ್ಲಿಷಿನಲ್ಲಿ ತೆಗೆದುಕೊಂಡು ಪ್ರತಿ ಅರ್ಜಿಗೂ ಲಗತ್ತಿಸಿ; ಸಾಧ್ಯವಾದರೆ ತರಗತಿಯಲ್ಲಿ ನಿಮ್ಮ ಸ್ಥಾನವನ್ನೂ ತಿಳಿಸಿ.

ಎರಡನೆಯದು ಸ್ವಭಾವ. ತಾನು ದೊಡ್ಡವನೆಂದು ಯಾರೂ ತಿಳಿಯಬಾರದೆಂಬ ಯಾಂಟೆ ಕಟ್ಟಳೆಯನ್ನು ಆಕ್ಸೆಲ್ ಸಾಂಡೆಮೋಸ 1933ರ ಕಾದಂಬರಿಯಲ್ಲಿ ಗೇಲಿಗೆಂದು ಬರೆದರೂ ಸ್ಕ್ಯಾಂಡಿನೇವಿಯ ಇಂದಿಗೂ ಅದರ ಹಿಡಿತದಲ್ಲಿದೆ. ಡೇನಿಶ್ ವಿದ್ಯಾರ್ಥಿ ತಾನು ಒಂದು ಸಮಿತಿಗೆ ಸಹಾಯ ಮಾಡಿದೆ ಎಂದು ಬರೆಯುತ್ತಾನೆ. ಆ ಸಮಿತಿಯ ವರದಿಯ ಅರ್ಧ ಅವನೇ ಬರೆದದ್ದಾಗಿರುತ್ತದೆ. ಪ್ರೊಫೆಸರರ ಶಿಫಾರಸು ಪತ್ರವೂ ಹಾಗೆಯೇ, ನಾಲ್ಕು ಸಾಲು, ಶುದ್ಧ ಸತ್ಯ, ಯಾರಿಗೂ ನೆನಪುಳಿಯದ್ದು. ಅಮೆರಿಕದ ಸಮಿತಿಗೆ ಬೇಕಾದದ್ದು ನೀವು ಯಾವ ನೀತಿಯನ್ನು, ಯಾರ ವಿರೋಧದ ನಡುವೆ, ಎಷ್ಟರಮಟ್ಟಿಗೆ ಬದಲಿಸಿದಿರಿ ಎಂಬ ವಿವರ. ಪ್ರೊಫೆಸರರಿಗೂ ಇದನ್ನು ವಿನಯದಿಂದಲೇ ತಿಳಿಸಿ, ನಿಮ್ಮ ಕೆಲಸದ ಒಂದು ಪುಟದ ಟಿಪ್ಪಣಿ ಕೊಡಿ.

ಕಾಲದ ಲೆಕ್ಕ ಸರಳ. ಅಮೆರಿಕದ ಕಾಲೇಜುಗಳ ಗಡುವು ಬಹುತೇಕ ಡಿಸೆಂಬರ್, ಜನವರಿಯಲ್ಲಿ. ವೇತನಗಳದ್ದು ಅದಕ್ಕೂ ಮೊದಲೇ ಬರಬಹುದು. ಹೊರಡುವ ಆಗಸ್ಟಿಗೆ ಒಂದೂವರೆ ವರ್ಷ ಮುಂಚೆ ಹುಡುಕಾಟ ಶುರುವಾಗದಿದ್ದರೆ ಆ ವರ್ಷ ಬಿಟ್ಟಂತೆಯೇ.

ಡೆನ್ಮಾರ್ಕಿನ ಕನ್ನಡ ಮನೆಗಳಿಗೆ

ಐಟಿ, ಔಷಧ ಕಂಪನಿಗಳ ಕೆಲಸಕ್ಕೆಂದು ಹೋಗಿ ಕೋಪನ್‌ಹೇಗನ್ ಸುತ್ತ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಈಗ ಕಾಲೇಜು ವಯಸ್ಸಿಗೆ ಬರುತ್ತಿದ್ದಾರೆ. ಅವರ ವಿಷಯದಲ್ಲಿ ಮೇಲೆ ಹೇಳಿದ್ದೆಲ್ಲ ಪಾಸ್‌ಪೋರ್ಟಿನ ಮೇಲೆ ನಿಂತಿದೆ. ಮಗ ಅಥವಾ ಮಗಳು ಡೇನಿಶ್ ಪ್ರಜೆಯಾಗಿದ್ದರೆ ಎಸ್‌ಯು, ಫುಲ್‌ಬ್ರೈಟ್, ದತ್ತಿಗಳೆಲ್ಲ ತೆರೆದಿವೆ. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಡೆನ್ಮಾರ್ಕಿನ ಫುಲ್‌ಬ್ರೈಟ್ ಸಿಗದು, ಆದರೆ ಡೇನಿಶರಿಗೆ ಮುಚ್ಚಿರುವ ಕೆಲವು ವೇತನಗಳಿಗೆ ಅರ್ಜಿ ಹಾಕಬಹುದು. ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಕ್ಕೆ 2015ರಿಂದ ಡೆನ್ಮಾರ್ಕಿನ ಅಡ್ಡಿಯಿಲ್ಲ, ಭಾರತದ ಅಡ್ಡಿಯಿದೆ.

ಇಪ್ಪತ್ತು ತುಂಬುವ ಮುನ್ನ ತಂದೆ ತಾಯಿಯ ಜೊತೆ ಬಂದು ಅಲ್ಲೇ ನೆಲೆಸಿದ ವಿದೇಶಿ ಮಕ್ಕಳನ್ನು ಎಸ್‌ಯು ವಿಷಯದಲ್ಲಿ ಡೇನಿಶ್ ಪ್ರಜೆಗಳಿಗೆ ಸಮನಾಗಿ ಕಾಣುವ ನಿಯಮವಿದೆ. ಅದು ತಾನಾಗಿ ಸಿಗುವುದಿಲ್ಲ, ಅರ್ಜಿ ಹಾಕಿ ಪಡೆಯಬೇಕು. ಇದರ ಬಲದ ಮೇಲೆ ವಿದೇಶದ ಓದಿಗೂ ಹಣ ಬರುತ್ತದೆಯೇ ಎಂಬುದನ್ನು ಎಸ್‌ಯು ಕಚೇರಿಯಿಂದಲೇ ಖಚಿತಪಡಿಸಿಕೊಳ್ಳಿ. ಇನ್ನೊಂದು ಮಾತು: ಭಾರತೀಯ ಪಾಸ್‌ಪೋರ್ಟಿನಲ್ಲಿ ಡೇನಿಶ್ ನಿವಾಸ ಪರವಾನಗಿ ಹೊಂದಿದವರು ದೀರ್ಘಕಾಲ ಹೊರಗಿದ್ದರೆ ಆ ಪರವಾನಗಿಯೇ ರದ್ದಾಗಬಹುದು. ಓದಿಗೆ ಹೋಗುತ್ತಿದ್ದೇನೆ, ಪರವಾನಗಿ ಉಳಿಸಿಕೊಡಿ ಎಂದು ವಲಸೆ ಇಲಾಖೆಗೆ ಹೊರಡುವ ಮೊದಲೇ ಅರ್ಜಿ ಸಲ್ಲಿಸಿ. ವಿಮಾನ ಹತ್ತಿದ ಮೇಲೆ ಅಲ್ಲ.

ಎಸ್‌ಯು ಮೊತ್ತ, ಆದಾಯ ಮಿತಿ, ಸಾಲದ ಮಿತಿಗಳು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ. ಹಾಗಾಗಿ ಆಯವ್ಯಯ ಪಟ್ಟಿ ಬರೆಯಲು ಕೂತಾಗ ಹಿಂದಿನ ವರ್ಷ ಹೋಗಿಬಂದವರ ಅಂಕಿಗಳನ್ನು ನಕಲು ಮಾಡಬೇಡಿ, ಆ ವರ್ಷದ್ದನ್ನು ಎಸ್‌ಯು ಕಚೇರಿಯ ತಾಣದಿಂದಲೇ ತೆಗೆದುಕೊಳ್ಳಿ.